ಕೋರಂ ಇಲ್ಲದ ಮೂರು ಸಭೆಗಳು

ಮಾರ್ಚ್ ಹದಿಮೂರರ ಶುಕ್ರವಾರ ಬೆಳಿಗ್ಗೆ, ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿರುವ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ಅರವತ್ತೊಂಬತ್ತು ವರ್ಷವಾಗಿತ್ತು. ಎರಡು ವರ್ಷದಿಂದ ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರು. ಮುಂದಿನ ಬುಧವಾರ ಚರ್ಚಿನಲ್ಲಿ ನಡೆದ ಪ್ರಾರ್ಥನೆಗೆ ಸುಮಾರು ಅರವತ್ತು ಜನ ಬಂದಿದ್ದರು. ಅವರಲ್ಲಿ ನಾಲ್ವರು ಪರ್ತ್‌ನ ಪೂರ್ವಕ್ಕೆ, ದೂರದ ಒಳನಾಡಿನಲ್ಲಿರುವ ಮೂಲನಿವಾಸಿ ಸಮುದಾಯವೊಂದರಿಂದ ಎರಡು ದಿನ ಕಾರು ಓಡಿಸಿಕೊಂಡು ಬಂದವರು. ಯಾರು ಇವರು ಎಂದು ಕೇಳಿದವರಿಗೆ ಮಗಳು, "ಅಮ್ಮನ ಸ್ಕೂಲ್ ಬೋರ್ಡ್‌ನವರು" ಎಂದಷ್ಟೇ ಹೇಳಿದರು. ಆ ಮಂಡಳಿ ರದ್ದಾಗಿ ಐದು ವರ್ಷ ಕಳೆದಿದೆ.

ನಾನು ಅವರನ್ನು ಮೊದಲು ನೋಡಿದ್ದು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ. ಅಲ್ಲಿನ ಸಮುದಾಯ ಭವನದಲ್ಲಿ ಶನಿವಾರ ಮಧ್ಯಾಹ್ನ ನಮ್ಮವರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ತರಗತಿ ನಡೆಸಲು ಏಳು ಜನರ ಸಮಿತಿ ಇತ್ತು. ಮೂವರು ಡಾಕ್ಟರು, ಮೂವರು ಸಾಫ್ಟ್‌ವೇರ್‌ನವರು, ಮತ್ತು ಕಾರ್ಯದರ್ಶಿಯಾಗಿ ಇವರು. ಮೈಸೂರಿನ ಕ್ರೈಸ್ತ ಕುಟುಂಬದ ಹೆಣ್ಣುಮಗಳು. ಗಂಡ ಅರಿವಳಿಕೆ ತಜ್ಞರು, ಪರ್ತ್‌ನ ಆಸ್ಪತ್ರೆಯೊಂದರಲ್ಲಿದ್ದರು. ಗಿಡ್ಡ ಆಳು, ಹತ್ತಿ ಸೀರೆ, ಗಡಿಯಾರದ ಮುಖ ಮಣಿಕಟ್ಟಿನ ಒಳಭಾಗಕ್ಕೆ. ಸಮಯ ನೋಡಬೇಕಾದಾಗ ಅಂಗೈ ಮೇಲೆ ಮಾಡುತ್ತಿದ್ದರು. ಏನನ್ನೋ ಕೊಡಿ ಎಂದು ಕೇಳುವವರ ಹಾಗೆ ಕಾಣುತ್ತಿತ್ತು.

ಸಭೆ ಮುಗಿಯುವ ಮೊದಲು ನಡಾವಳಿಯನ್ನು ಎದ್ದು ನಿಂತು ಪೂರ್ತಿ ಓದುವುದು ಅವರ ಪದ್ಧತಿ. ಒಂದು ವಾಕ್ಯ ಓದುವುದು, ತಲೆಯೆತ್ತಿ ಎಲ್ಲರ ಮುಖ ನೋಡುವುದು, ಯಾರೂ ತಕರಾರು ಎತ್ತದಿದ್ದರೆ ಮುಂದಿನ ವಾಕ್ಯ. ಆಮೇಲೆ ಸಹಿ. ಊಟ ಅದಾದ ಮೇಲೆಯೇ.

"ಆಂಟಿ, ಚಿತ್ರಾನ್ನ ತಣ್ಣಗಾಗ್ತಿದೆ" ಎಂದರು ಒಮ್ಮೆ ದಾವಣಗೆರೆ ಕಡೆಯ ಡಾಕ್ಟರು.

"ತಣ್ಣಗಾದ್ರೂ ಅದು ಚಿತ್ರಾನ್ನಾನೇ ಡಾಕ್ಟ್ರೇ. ಓದದೆ ಸಹಿ ಹಾಕಿದ್ರೆ ಇದು ನಡಾವಳಿ ಆಗಲ್ಲ. ಕೂತ್ಕೊಳ್ಳಿ."

"ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಡಿ ಆಂಟಿ. ಎಲ್ರೂ ಥಂಬ್ಸ್ ಅಪ್ ಒತ್ತಿಬಿಡ್ತೀವಿ."

"ಹೆಬ್ಬೆಟ್ಟು ಒತ್ತೋದು ಬಿಡಿಸೋಕೇ ಅಲ್ವೇನ್ರೀ ಶಾಲೆ ಇರೋದು?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮುಂದಿನ ವಾಕ್ಯ ಓದಿದರು.

ಇನ್ನೊಂದು ಸಲ ಸಮಿತಿಯ ಕಿರಿಯ ಸದಸ್ಯನೊಬ್ಬ ಸಭೆಯ ನಡುವೆ ಎದ್ದು ಹೋಗಿದ್ದ. ಮುಂದಿನ ತಿಂಗಳು ನಡಾವಳಿ ನೋಡಿ ಮುಖ ಸಣ್ಣಗೆ ಮಾಡಿಕೊಂಡು ಕೇಳಿದ. "ಆಂಟಿ, ಆವತ್ತು ಆರ್ವೋ ಒಂದು ಬಾರ್ಬಿ ಇತ್ತು, ಹೋದೆ. ಅದನ್ನೆಲ್ಲ ಬರೀಬೇಕಾ?" ಆರ್ವೋ ಎಂದರೆ ಅಲ್ಲಿನ ಮಾತಿನಲ್ಲಿ ಮಧ್ಯಾಹ್ನ, ಬಾರ್ಬಿ ಎಂದರೆ ಬಾರ್ಬೆಕ್ಯೂ ಕೂಟ.

"ಬಾರ್ಬಿ ಅಂತ ಬರೆದಿಲ್ಲಪ್ಪ. ಮೂರು ಗಂಟೆಗೆ ಎದ್ದುಹೋದ್ರು ಅಂತ ಬರೆದಿದೀನಿ. ಟೈಮು ನಾನು ಬರೀತೀನಿ. ಕಾರಣ ನಿಮ್ಮದು, ಅದು ನನಗೆ ಬೇಡ."

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವರು ಒಂದೇ ಕತೆ ಹೇಳುತ್ತಿದ್ದರು. ಮದುವೆಗೆ ಮುಂಚೆ ತಾಲೂಕು ಮಟ್ಟದ ಶಿಕ್ಷಣ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಗುಮಾಸ್ತರಾಗಿದ್ದರು. ಹಳ್ಳಿ ಶಾಲೆಗಳಿಗೆ ಆಗ ಬೆಟರ್‌ಮೆಂಟ್ ಕಮಿಟಿಗಳಿದ್ದವು. ಊರಿನವರೇ ಸದಸ್ಯರು. ಕಮಿಟಿ ಸೇರಿತ್ತು ಎನ್ನುವುದಕ್ಕೆ ನಡಾವಳಿ ಪುಸ್ತಕವೇ ಸಾಕ್ಷಿ. ಎಷ್ಟೋ ಕಡೆ ಕಮಿಟಿ ಸೇರುತ್ತಲೇ ಇರಲಿಲ್ಲ. ಕಚೇರಿಯಲ್ಲಿ ಠರಾವು ಮೊದಲೇ ಬರೆದಿಟ್ಟು, ಪುಸ್ತಕವನ್ನು ಜವಾನನ ಕೈಲಿ ಸೈಕಲ್ ಮೇಲೆ ಮನೆಮನೆಗೆ ಕಳಿಸಿ ಸಹಿ ಹಾಕಿಸುತ್ತಿದ್ದರು. ಗದ್ದೆಯಲ್ಲಿದ್ದವರು ಗದ್ದೆಯಲ್ಲೇ, ಅಂಗಡಿಯಲ್ಲಿದ್ದವರು ಅಂಗಡಿಯಲ್ಲೇ. ಒಂದು ಸಲ ಶಾಲೆಯೊಂದನ್ನು ಪಕ್ಕದೂರಿನ ಶಾಲೆಯ ಜೊತೆ ಸೇರಿಸುವ ಠರಾವಿಗೂ ಹಾಗೆಯೇ ಸಹಿ ಬಿತ್ತು. ಊರಿನವರು ಕಚೇರಿಗೆ ಬಂದು ನಾವು ಒಪ್ಪಿಯೇ ಇಲ್ಲ ಎಂದಾಗ, ಪುಸ್ತಕ ತೆರೆದು ಅವರ ಸಹಿ ಅವರಿಗೇ ತೋರಿಸುವ ಕೆಲಸ ಈ ಗುಮಾಸ್ತರ ಪಾಲಿಗೆ ಬಂತು.

"ಒಬ್ಬ ಮುದುಕಪ್ಪ ಸಹಿ ಮೇಲೆ ಬೆರಳಿಟ್ಕೊಂಡು ನಿಂತೇಬಿಟ್ರು. 'ನಂದೇ ಕಣವ್ವ ಇದು. ಆದ್ರೆ ನಾನು ಅಲ್ಲಿರಲಿಲ್ಲವಲ್ಲ' ಅಂದ್ರು. ಅವತ್ತು ಅಂದ್ಕೊಂಡೆ, ಎದುರಿಗೆ ಕೂತಿಲ್ಲದವರ ಹಾಜರಿ ನಾನು ಯಾವತ್ತೂ ಬರಿಯಲ್ಲ ಅಂತ."

ಮದುವೆಯಾಗಿ ಗಂಡನ ಜೊತೆ ಬಂದದ್ದು ಬ್ರಿಸ್ಬೇನ್‌ಗೆ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯಕ್ಕೆ ಸೇರಿದರು. ನದಿಯಲ್ಲಿ ಫೆರಿ ಹಿಡಿದು ಹೋಗುತ್ತಿದ್ದರು. ಶಾಲೆಗಳ ಆಡಳಿತ ಅವರ ವಿಷಯ. ಸಂಶೋಧನೆಗೆ ಆರಿಸಿಕೊಂಡದ್ದು ಅಮೆರಿಕದ ನೈರುತ್ಯ ಭಾಗದ ನವಾಹೊ ಜನರ ಶಾಲಾ ಮಂಡಳಿಗಳನ್ನು. ಅಲ್ಲಿ ದಶಕಗಳ ಕಾಲ ಸರ್ಕಾರ ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗಳಿಗೆ ಒಯ್ದು, ಮನೆಮಾತು ಆಡಿದರೆ ಶಿಕ್ಷಿಸುತ್ತಿತ್ತು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಕೆಲವು ಕಡೆ ಜನ ತಮ್ಮವರನ್ನೇ ಆರಿಸಿ ಮಂಡಳಿ ಮಾಡಿಕೊಂಡು ಶಾಲೆ ನಡೆಸಲು ಶುರುಮಾಡಿದರು. ಮಂಡಳಿಯ ಹಲವು ಸದಸ್ಯರು ತಾವು ಶಾಲೆಗೆ ಹೋದವರಲ್ಲ. ಹೆಡ್‌ಮಾಸ್ಟರನ್ನು ನೇಮಿಸುವವರು ಅವರು, ಮೊದಲ ತರಗತಿಯಲ್ಲಿ ಯಾವ ಭಾಷೆ ಎಂದು ಹೇಳುವವರು ಅವರು.

ಅಲ್ಲಿಗೆ ಎರಡು ಸಲ ಹೋಗಿದ್ದರು. ಒಂದು ಸಭೆಯ ಬಗ್ಗೆ ಹೇಳುವಾಗ ಅವರ ದನಿ ಹಗುರಾಗುತ್ತಿತ್ತು. ಹೆಡ್‌ಮಾಸ್ಟರನ್ನು ಮುಂದುವರಿಸಬೇಕೇ ಎಂಬ ವಿಷಯ. ಮುದುಕರೊಬ್ಬರು ಎದ್ದು ಅರ್ಧ ಗಂಟೆ ಹೆಡ್‌ಮಾಸ್ಟರ ಟ್ರಕ್ಕಿನ ಬಗ್ಗೆ ಮಾತಾಡಿದರು. ಜನ ರಸ್ತೆಯಲ್ಲಿ ನಡೆದುಹೋಗುತ್ತಿದ್ದರೆ ಆ ಟ್ರಕ್ಕಿನ ಗಾಜು ಮೇಲೇ ಇರುತ್ತದೆ, ಇಳಿಯುವುದಿಲ್ಲ ಎಂದು. ದುಭಾಷಿ ಒಂದೊಂದೇ ವಾಕ್ಯ ಹೇಳುತ್ತಿದ್ದ. ವಿಷಯಕ್ಕೆ ಸಂಬಂಧವಿಲ್ಲ ಎಂದು ಇವರು ಪೆನ್ನು ಕೆಳಗಿಟ್ಟರು. ಮುದುಕರು ಕೂತರು. ಮಂಡಳಿ ಹೆಡ್‌ಮಾಸ್ಟರನ್ನು ಮುಂದುವರಿಸಲಿಲ್ಲ.

"ನಾನು ಬರೆಯದೆ ಬಿಟ್ಟಿದ್ದೇ ಆ ಸಭೆಯ ವಿಷಯ ಆಗಿತ್ತು" ಎನ್ನುತ್ತಿದ್ದರು. ಅದನ್ನು ತಮಾಷೆಯಾಗಿ ಹೇಳುತ್ತಿದ್ದ ಕಾಲ ಅದು.

ಗಂಡನಿಗೆ ಪರ್ತ್‌ನಲ್ಲಿ ಕೆಲಸವಾದ ಮೇಲೆ ಅವರಿಗೂ ಒಂದು ಕೆಲಸ ಸಿಕ್ಕಿತು. ಒಳನಾಡಿನ ಮೂಲನಿವಾಸಿ ಸಮುದಾಯದ ಶಾಲೆಗಳ ಮೇಲ್ವಿಚಾರಣೆ ಮಾಡುವ ಒಂದು ಸಂಸ್ಥೆ, ಪರ್ತ್‌ನಿಂದ ಕಾರಿನಲ್ಲಿ ಒಂಬತ್ತು ಗಂಟೆ ದೂರದ ಶಾಲೆಯೊಂದರ ಮಂಡಳಿಗೆ ಕಾರ್ಯದರ್ಶಿಯಾಗಿ ಅವರನ್ನು ನೇಮಿಸಿತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮಂಡಳಿಯಲ್ಲಿ ಒಂಬತ್ತು ಜನ, ಎಲ್ಲರೂ ಸಮುದಾಯದವರು. ಕೋರಂಗೆ ಐದು ಜನ ಇರಬೇಕು. ಹೆಡ್‌ಮಾಸ್ಟರನ್ನು ಮಂಡಳಿಯೇ ಆರಿಸುತ್ತಿತ್ತು. ಮೊದಲ ಎರಡು ವರ್ಷ ಪಾಠ ಅಲ್ಲಿನವರ ಭಾಷೆಯಲ್ಲೇ ಎಂದು ಮಂಡಳಿ ಠರಾವು ಮಾಡಿತ್ತು. ಶಾಲೆ ಚಿಕ್ಕದು. ಮಕ್ಕಳು ಬರುತ್ತಿದ್ದರು.

ಶಾಲೆಯ ಪ್ರತಿ ಅವಧಿಗೊಮ್ಮೆ ಇವರು ಒಬ್ಬರೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಎರಡೇ ಸರ್ವೋ, ಅಂದರೆ ಪೆಟ್ರೋಲ್ ಬಂಕ್, ಎರಡರಲ್ಲೂ ಪೆಟ್ರೋಲ್ ತುಂಬಿಸಲೇಬೇಕು. ಮಂಡಳಿಯ ಅಧ್ಯಕ್ಷೆ ಇವರಿಗಿಂತ ಆರು ವರ್ಷ ದೊಡ್ಡವರು. ಆ ಜನರಲ್ಲೂ ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆಯುವುದು. ಹೀಗಾಗಿ ಅವರು ಇವರಿಗೆ ಆಂಟಿ, ಇವರು ಅವರಿಗೆ ಆಂಟಿ. ಮಕ್ಕಳಿಗೆ ಗೊಂದಲವಾಗಬಾರದೆಂದು ಅಧ್ಯಕ್ಷೆ ಇವರನ್ನು 'ಬರೆಯುವ ಆಂಟಿ' ಮಾಡಿದರು. ಅಲ್ಲಿಯೂ ನಡಾವಳಿಯನ್ನು ಎದ್ದು ನಿಂತು ಓದುತ್ತಿದ್ದರು. ಕ್ಯಾನಿಂಗ್ ವೇಲ್‌ನವರಂತೆ ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಆದರೆ ತಿದ್ದುತ್ತಿದ್ದರು. "ನಾನು ಹಾಗೆ ಹೇಳಲಿಲ್ಲ, ಇನ್ನೂ ಜೋರಾಗಿ ಹೇಳಿದೆ" ಎಂದು ಒಬ್ಬರು ತಿದ್ದಿಸಿದ್ದನ್ನು ಅವರು ಸಂತೋಷದಿಂದ ಹೇಳಿಕೊಂಡಿದ್ದರು.

ಇದು ಹೀಗೆ ನಾಲ್ಕು ವರ್ಷ ನಡೆಯಿತು. ಐದನೆಯ ವರ್ಷ ಆ ಸಮುದಾಯದಲ್ಲಿ ಮೂರು ಸಾವಾದವು.

ಮೊದಲನೆಯದು ಅಧ್ಯಕ್ಷೆಯ ತಮ್ಮ. ಎರಡನೆಯದು ಒಬ್ಬ ತಾಯಿ, ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿದ್ದರು. ಮೂರನೆಯವರು ಪಕ್ಕದ ನೆಲೆಯ ಹಿರಿಯರು, ಮಂಡಳಿಯ ಆರು ಜನರಿಗೆ ಸಂಬಂಧಿಕರು. ಸಾವಾದಾಗ ಅಲ್ಲಿ ಎಲ್ಲ ಕೆಲಸ ನಿಲ್ಲುತ್ತದೆ. ಜನ ಒಂದೆಡೆ ಸೇರುತ್ತಾರೆ. ಎಷ್ಟು ದಿನ ಎಂದು ಹೊರಗಿನವರು ಕೇಳುವುದಿಲ್ಲ. ಸತ್ತವರ ಹೆಸರನ್ನು ಬಹುಕಾಲ ಬಾಯಲ್ಲಿ ಹೇಳುವುದಿಲ್ಲ, ಬರೆಯುವುದೂ ಇಲ್ಲ. ಮೂರು ಸಲವೂ ಮಂಡಳಿಯ ಸಭೆ ಈ ದಿನಗಳಲ್ಲೇ ಬಿತ್ತು. ಮೂರು ಸಲವೂ ಇವರು ಒಂಬತ್ತು ಗಂಟೆ ಓಡಿಸಿಕೊಂಡು ಹೋಗಿ, ಖಾಲಿ ಕೊಠಡಿಯಲ್ಲಿ ಇಬ್ಬರೋ ಮೂವರೋ ಇದ್ದದ್ದನ್ನು ನೋಡಿ, ಮರುದಿನ ಹಿಂದಿರುಗಿದರು.

ಸಭೆಯಾದ ಮೇಲೆ ಸಂಸ್ಥೆಗೆ ಒಂದು ಪುಟದ ನಮೂನೆ ತುಂಬಿ ಕಳಿಸಬೇಕು. ಅದರಲ್ಲಿ ಎರಡು ಚೌಕ. ಸಭೆ ನಡೆಯಿತು, ಅಥವಾ ಕೋರಂ ಇಲ್ಲದೆ ನಡೆಯಲಿಲ್ಲ. ಕೆಳಗೆ ಷರಾ ಬರೆಯಲು ಎರಡು ಗೆರೆ. ಮೊದಲ ಸಲ ಇವರು ಅಧ್ಯಕ್ಷೆಯ ಮನೆಯ ಅಂಗಳದವರೆಗೆ ಹೋಗಿ, ಏನು ಬರೆಯಲಿ ಎಂದು ಕೇಳಿದರು. ಅವನ ಬಗ್ಗೆ ಏನೂ ಬರೆಯಬೇಡ ಎಂದರು ಅಧ್ಯಕ್ಷೆ. ಇವರು ಎರಡನೆಯ ಚೌಕಕ್ಕೆ ಗುರುತು ಹಾಕಿ ಷರಾದ ಗೆರೆಗಳನ್ನು ಖಾಲಿ ಬಿಟ್ಟರು. ಎರಡನೆಯ ಸಲ, ಮೂರನೆಯ ಸಲ ಕೇಳಲೂ ಇಲ್ಲ. ಹಾಗೆಯೇ ಖಾಲಿ ಬಿಟ್ಟರು.

ಸಂಸ್ಥೆಯ ನಿಯಮದಂತೆ ಸತತ ಮೂರು ಸಭೆಗಳು ಕೋರಂ ಇಲ್ಲದೆ ನಿಂತರೆ ಮಂಡಳಿ ಅಸಮರ್ಥ. ಡಿಸೆಂಬರ್ ಮೊದಲ ವಾರ ಮಂಡಳಿ ರದ್ದಾಯಿತು. ಆಡಳಿತಾಧಿಕಾರಿಯೊಬ್ಬರನ್ನು ನೇಮಿಸಿದರು. ಕಾರ್ಯದರ್ಶಿಯ ಹುದ್ದೆಯೂ ಅದರೊಡನೆ ಹೋಯಿತು.

ನಾನು ಆಗ ಪರ್ತ್‌ನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿದ್ದೆ. ಸಂಸ್ಥೆಯ ಹೇಳಿಕೆ ನನ್ನ ಮೇಜಿಗೇ ಬಂತು. ಎಂಟು ಸಾಲಿನ ಸುದ್ದಿ ಮಾಡಿದೆ. ಸತತ ಮೂರು ಸಭೆಗಳಿಗೆ ಕೋರಂ ಇರಲಿಲ್ಲ ಎಂಬುದು ಎರಡನೆಯ ವಾಕ್ಯ. ಮರುದಿನ ಬೆಳಿಗ್ಗೆ ಅವರ ಫೋನು ಬಂತು.

"ಏನ್ರೀ ರಿಪೋರ್ಟರ್, ಇವತ್ತಿನದ್ದು ನೀವು ಬರೆದಿದ್ದಾ?"

"ಹೌದು ಮೇಡಂ. ಏನಾದ್ರೂ ತಪ್ಪಾಗಿದೆಯಾ?"

"ತಪ್ಪಿಲ್ಲ. ತಪ್ಪೇ ಇಲ್ಲ. ನಾನು ಬರೆದಿದ್ದನ್ನೇ ನೀವೂ ಬರೆದಿದ್ದೀರಿ."

ಸಂಜೆ ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಮೂರು ನಮೂನೆಗಳ ಪ್ರತಿಗಳನ್ನು ಸಾಲಾಗಿ ಇಟ್ಟಿದ್ದರು. ಆಗ ನನಗೆ ಸಾವುಗಳ ವಿಷಯ ತಿಳಿಯಿತು.

"ಅವನ ಬಗ್ಗೆ ಬರೀಬೇಡ ಅಂದ್ರು ಆಂಟಿ. ನಾನು ಕಾರಣಾನೂ ಬರೀಲಿಲ್ಲ. 'ಸಮುದಾಯ ದುಃಖದಲ್ಲಿದೆ' ಅಂತ ಮೂರು ಪದ ಕೂಡ ಅಲ್ಲ, ಎರಡೇ ಪದ. ಜಾಗ ಇತ್ತು ನೋಡಿ. ಎರಡು ಗೆರೆ."

ಅವರ ಯಜಮಾನರು ಅಡುಗೆಮನೆಯಿಂದ ಚಹಾ ತಂದರು. "ಡೆತ್ ಸರ್ಟಿಫಿಕೇಟಲ್ಲಿ ಕಾರಣದ ಜಾಗ ಖಾಲಿ ಬಿಟ್ರೆ ನಮ್ಮನ್ನ ಕೆಲಸದಿಂದ ತೆಗೀತಾರೆ ಕಣೇ" ಎಂದರು. ಗೇಲಿ ಮಾಡಲು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಅವರು ನಮೂನೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಚಹಾ ಮುಟ್ಟಲಿಲ್ಲ.

ಅದೇ ವಾರ ಸಂಸ್ಥೆಗೆ ಪತ್ರ ಬರೆದರು. ಮೂರೂ ಸಭೆಗಳು ನಿಂತದ್ದು ಸಾವಿನಿಂದ, ಷರಾ ಬರೆಯದಿದ್ದದ್ದು ತಮ್ಮ ತಪ್ಪು, ದಾಖಲೆ ತಿದ್ದಿ ಎಂದು. ಮೂರು ವಾರದ ನಂತರ ಉತ್ತರ ಬಂತು. ಮಂಡಳಿಯ ದಾಖಲೆಯನ್ನು ತಿದ್ದುವ ಅಧಿಕಾರ ಮಂಡಳಿಗೆ ಮಾತ್ರ, ಅದೂ ಕೋರಂ ಇರುವ ಸಭೆಯಲ್ಲಿ. ಸದ್ಯ ಮಂಡಳಿ ಅಸ್ತಿತ್ವದಲ್ಲಿ ಇಲ್ಲದ ಕಾರಣ ಕೋರಿಕೆಯನ್ನು ಪರಿಗಣಿಸಲಾಗದು. ಈ ಪತ್ರವನ್ನು ಅವರು ನನಗೆ ಓದಿ ಹೇಳಿದರು. ತಮ್ಮ ಅಭ್ಯಾಸದಂತೆ ಒಂದು ವಾಕ್ಯ ಓದಿ ತಲೆಯೆತ್ತಿ ನನ್ನ ಮುಖ ನೋಡುತ್ತಾ.

ದಾರಿ ಇಲ್ಲದಿರಲಿಲ್ಲ. ಸಂಸ್ಥೆಯಲ್ಲಿ ಇವರಿಗೆ ಪರಿಚಯದ ಅಧಿಕಾರಿಯೊಬ್ಬರಿದ್ದರು, ಒಳ್ಳೆಯ ಮನುಷ್ಯ. ಆತ ಫೋನಿನಲ್ಲಿ ಹೇಳಿದ್ದು ಇಷ್ಟು. ನಿಮ್ಮ ನಮೂನೆ ನಮ್ಮಲ್ಲಿದೆ, ಹಾಜರಿ ಹಾಳೆಗಳು ಇನ್ನೂ ನಿಮ್ಮಲ್ಲೇ ಇವೆ. ಮೂರರಲ್ಲಿ ಒಂದು ಸಭೆಯ ಹಾಜರಿ ಹಾಳೆಯಲ್ಲಿ ಐದು ಸಹಿ ಇದ್ದರೆ, ನಮೂನೆ ತುಂಬುವಾಗ ತಪ್ಪಾಗಿದೆ ಎಂದಾಗುತ್ತದೆ. ಆಗ ಸತತ ಮೂರು ಎಂಬುದು ನಿಲ್ಲುವುದಿಲ್ಲ. ಹಾಳೆ ಕಳಿಸಿ, ನಾನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಐದು ಸಹಿ. ಆ ಒಂಬತ್ತು ಜನರಲ್ಲಿ ಯಾರನ್ನು ಕೇಳಿದರೂ ಹಾಕುತ್ತಿದ್ದರು. ಹಾಕಿದರೆ ಮಂಡಳಿ ಉಳಿಯುತ್ತಿತ್ತು. ಹೊಸ ವರ್ಷದ ತರಗತಿಗಳು ಇನ್ನೂ ಶುರುವಾಗಿರಲಿಲ್ಲ.

ಜನವರಿ ಕೊನೆಗೆ ಅವರು ಅಲ್ಲಿಗೆ ಹೊರಟರು. ಸುದ್ದಿ ಮಾಡಲೆಂದು ನಾನೂ ಜೊತೆಗೆ ಹೋದೆ. ಶಾಲೆಯ ವರಾಂಡದಲ್ಲಿ ಮಂಡಳಿಯವರು ಏಳು ಜನ ಸೇರಿದ್ದರು. ಇನ್ನಿಬ್ಬರು ಬರುವ ತನಕ ಕಾದರು. ಬಂದರು. ಒಂಬತ್ತಕ್ಕೆ ಒಂಬತ್ತು. ಇವರು ಎದ್ದು ನಿಂತು ತಮ್ಮ ತಪ್ಪನ್ನು ಹೇಳಿದರು. ಆ ಅಧಿಕಾರಿ ಹೇಳಿದ್ದನ್ನೂ ಹೇಳಿದರು. ಆಮೇಲೆ ಚೀಲದಿಂದ ಒಂದು ಖಾಲಿ ಹಾಜರಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಜೂನ್ ತಿಂಗಳ ತಾರೀಕು ಬರೆದಿತ್ತು. ಅವರದೇ ಅಕ್ಷರ.

ಮಂಡಳಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಮೊದಲ ತರಗತಿಯಲ್ಲಿ ಮಕ್ಕಳಿಗೆ ತಮ್ಮ ಭಾಷೆ ಕಲಿಸುತ್ತಿದ್ದವಳು, ಕೈ ಚಾಚಿದಳು. "ಇಷ್ಟೇ ತಾನೇ? ಪೆನ್ನು ಕೊಡಿ. ಅವರು ನಮ್ಮ ಮೇಲೆ ಬರೆದಿರುವ ಸುಳ್ಳಿನ ಮುಂದೆ ಇದೇನು ದೊಡ್ಡದು? ಫೆಬ್ರವರಿಯಲ್ಲಿ ನನ್ನ ತರಗತಿಗೆ ಹದಿನಾಲ್ಕು ಮಕ್ಕಳು ಬರುತ್ತಾರೆ."

ಇವರು ಪೆನ್ನು ಕೊಟ್ಟರು. ಕೊಡುವುದನ್ನು ನಾನು ನೋಡಿದೆ.

ಅಧ್ಯಕ್ಷೆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ತಾರೀಕಿನ ಮೇಲೆ ಬೆರಳಿಟ್ಟು ಕೇಳಿದರು. "ಇದು ಯಾವ ದಿನ?"

"ಜೂನ್‌ದು, ಆಂಟಿ. ಎರಡನೇ ಸಭೆ."

"ಅವತ್ತು ನಾವು ಎಲ್ಲಿದ್ದೆವು ಅಂತ ನಿನಗೆ ಗೊತ್ತು."

"ಗೊತ್ತು."

"ಇಲ್ಲಿ ಕೂತಿದ್ದೆವು ಅಂತ ಬರೆದರೆ, ಅವಳ ಹತ್ತಿರ ನಾವು ಇರಲಿಲ್ಲ ಅಂತ ಆಗುತ್ತದೆ. ಅವಳ ಮಕ್ಕಳಿಬ್ಬರೂ ಓದು ಕಲಿತಿದ್ದಾರೆ. ಒಂದು ದಿನ ಈ ಹಾಳೆ ಓದುತ್ತಾರೆ."

ಚಿಕ್ಕವಳು ಪೆನ್ನನ್ನು ಮೇಜಿನ ಮೇಲಿಟ್ಟು, ಎದ್ದು ಒಳಗೆ ತರಗತಿಗೆ ಹೋದಳು. ಕುರ್ಚಿಗಳನ್ನು ಜೋಡಿಸುವ ಸದ್ದು ಕೇಳಿಸಿತು. ಇವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

ಹಿಂದಿರುಗುವಾಗ ಎರಡನೆಯ ಸರ್ವೋದಲ್ಲಿ ಕಾರು ನಿಲ್ಲಿಸಿ ಕಾಫಿ ತೆಗೆದುಕೊಂಡೆವು. ಅವರು ಕಾಗದದ ಲೋಟವನ್ನು ಕಾರಿನ ಮೇಲಿಟ್ಟರು.

"ಹಾಳೆ ನಾನೇ ತಗೊಂಡು ಹೋಗಿದ್ದೆ ಅಲ್ವಾ" ಎಂದರು. "ಜವಾನನ್ನ ಕಳಿಸ್ಲಿಲ್ಲ. ಸೈಕಲ್ಲೂ ನಾನೇ ತುಳಿದೆ. ಅದನ್ನೂ ಬರೀರಿ, ಯಾವತ್ತಾದ್ರೂ ಬರೆಯೋ ಹಾಗಿದ್ರೆ."

"ನಿಮಗೆ ಬೇರೆ ದಾರಿ ಇರಲಿಲ್ಲ ಮೇಡಂ."

"ಹಾಗನ್ನಬೇಡಿ. ನೀವು ಸುದ್ದಿಯವರು. ಏನು ನಡೀತೋ ಅಷ್ಟು ಬರೀರಿ."

ಫೆಬ್ರವರಿಯಲ್ಲಿ ಆಡಳಿತಾಧಿಕಾರಿ ನಗರದಿಂದ ಹೊಸ ಹೆಡ್‌ಮಾಸ್ಟರನ್ನು ಕರೆತಂದರು. ಮೊದಲ ಎರಡು ತರಗತಿಗಳ ಪಾಠ ಇಂಗ್ಲಿಷಿಗೆ ಬಂತು. ಸಮುದಾಯದ ಭಾಷೆಯನ್ನು ಶಾಲೆ ಬಿಟ್ಟ ಮೇಲೆ, ಇಷ್ಟವಿದ್ದವರಿಗೆ ಎಂದು ಮಾಡಿದರು. ಮುಂದಿನ ವರ್ಷ ಅದು ಶುಕ್ರವಾರಕ್ಕೆ ಸೀಮಿತವಾಯಿತು. ನಾನು ಸುದ್ದಿ ಬರೆದೆ. ಈ ಸಲ ಇಪ್ಪತ್ತೆರಡು ಸಾಲು, ಸಾವುಗಳ ವಿಷಯವೂ ಇತ್ತು, ಖಾಲಿ ಹಾಳೆಯ ವಿಷಯ ಇರಲಿಲ್ಲ. ಸಂಸ್ಥೆ ಪ್ರತಿಕ್ರಿಯೆ ನೀಡಲಿಲ್ಲ.

ಗಂಡ ನಿವೃತ್ತರಾದ ಮೇಲೆ ದಂಪತಿ ಮಾಸನ್ ಲೇಕ್ಸ್‌ಗೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಆದರೆ ಆ ಮಂಡಳಿ ಅವರ ಪಾಲಿಗೆ ರದ್ದಾಗಲೇ ಇಲ್ಲ. ಒಂಬತ್ತು ಜನ ಅವಧಿಗೊಮ್ಮೆ ಅದೇ ವರಾಂಡದಲ್ಲಿ, ಯಾವ ಅಧಿಕಾರವೂ ಇಲ್ಲದೆ ಸೇರುತ್ತಿದ್ದರು. ಇವರು ಪರ್ತ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದರು. ಮೊದಲ ಸಭೆಯಲ್ಲೇ ಹಳೆಯ ಮೂರು ದಾಖಲೆಗಳನ್ನು ತಿದ್ದುವ ಠರಾವಾಯಿತು. ಪ್ರತಿ ಸಭೆಯ ನಡಾವಳಿಯನ್ನೂ ಸಂಸ್ಥೆಗೆ ಕಳಿಸಿದರು. ಪ್ರತಿ ಸಲವೂ ಸ್ವೀಕರಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಹದಿಮೂರು ಸಭೆ, ಹದಿಮೂರು ಉತ್ತರ. ಅವನ್ನು ತಾರೀಕಿನ ಪ್ರಕಾರ ಫೈಲು ಮಾಡಿದ್ದರು.

ಕಾಯಿಲೆ ಗೊತ್ತಾದ ಮೇಲೆ ಪ್ರಯಾಣ ಕಷ್ಟವಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಗ ನಡಾವಳಿ ಬರೆಯುವುದನ್ನು ಆ ಚಿಕ್ಕ ಸದಸ್ಯೆಗೆ ಫೋನಿನಲ್ಲಿ ಹೇಳಿಕೊಡತೊಡಗಿದರು. ಕಳೆದ ನವೆಂಬರ್‌ನಲ್ಲಿ ನಾನು ಅಡಿಲೇಡ್‌ಗೆ ಹೋದಾಗ ಅಂಥದ್ದೊಂದು ಪಾಠ ನಡೆದಿತ್ತು. ಫೋನು ಮೇಜಿನ ಮೇಲೆ, ಸ್ಪೀಕರ್ ಹಾಕಿದ್ದರು. ಆ ಹುಡುಗಿ ಬರೆದದ್ದನ್ನು ಓದುತ್ತಿದ್ದಳು. ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಯಾರು ಬೇಗ ಎದ್ದು ಹೋದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಬ್ಬರು. ಒಬ್ಬರ ಮಗುವಿಗೆ ಜ್ವರ."

"ಬರೆ. ಜ್ವರ ಅಂತಾನೂ ಬರೆ. ಎಲ್ಲ ಬರೆ."

ಹತ್ತು ವರ್ಷದ ಮೊಮ್ಮಗಳು ಸೋಫಾದಿಂದ ಎದ್ದು ಬಂದಳು. "ಅಜ್ಜಿ, ಯು ಸೆಡ್ ಟೆನ್ ಮಿನಿಟ್ಸ್" ಎಂದಳು.

"ಹೌದು ಪುಟ್ಟಾ. ಇನ್ನೊಂದು ವಾಕ್ಯ ಇದೆ. ನೀನೂ ಕೇಳು, ಬಾ."

ಮಗು ಬಂದು ಅವರ ಕುರ್ಚಿಯ ಕೈ ಮೇಲೆ ಕೂತಿತು. ಪಾಠ ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಮುಖ ಊದಿಕೊಂಡಿತ್ತು.

"ನವಾಹೊ ಮಂಡಳಿಗಳ ಬಗ್ಗೆ ಮುನ್ನೂರು ಪುಟ ಬರೆದೆ ರಿಪೋರ್ಟರೇ. ಹೆಡ್‌ಮಾಸ್ಟರನ್ನ ಆರಿಸೋರು ಯಾರು, ಭಾಷೆ ಯಾವುದು ಅನ್ನೋರು ಯಾರು, ಎಲ್ಲ ಬರೆದೆ. ನಡಾವಳಿ ಬರೆಯೋಳು ಹೊರಗಿನವಳಾದ್ರೆ ಏನಾಗುತ್ತೆ ಅಂತ ಒಂದು ಪುಟ ಬರೀಲಿಲ್ಲ."

"ಈಗ ಬರೀಬಹುದಲ್ಲ?"

"ಈಗ ಆ ಹುಡುಗಿ ಬರೀತಾಳೆ. ನನಗೆ ಸಾಕಾಗಿದೆ."

ಆ ಹುಡುಗಿ ಮಾರ್ಚ್‌ನಲ್ಲಿ ಪ್ರಾರ್ಥನೆಗೆ ಬಂದ ನಾಲ್ವರಲ್ಲಿ ಒಬ್ಬಳು. ಅಧ್ಯಕ್ಷೆಯೂ ಬಂದಿದ್ದರು. ಎಪ್ಪತ್ತೈದರ ವಯಸ್ಸು, ಮೊಮ್ಮಗನ ತೋಳು ಹಿಡಿದು ನಡೆಯುತ್ತಿದ್ದರು. ಚರ್ಚಿನಲ್ಲಿ ಅವರಿಗೆ ಎರಡು ಮಾತಾಡಿ ಎಂದು ಮಗಳು ಕೇಳಿಕೊಂಡರು. ಅಧ್ಯಕ್ಷೆ ಎದ್ದು ನಿಂತು, ಹೆಸರು ಹೇಳದೆ, "ಇವರು ನಮ್ಮ ಮನೆಯ ಅಂಗಳಕ್ಕೆ ಬಂದು ಕೇಳಿ ಬರೆಯುತ್ತಿದ್ದರು" ಎಂದು ಹೇಳಿ ಕೂತರು.

ಮಂಡಳಿಯವರ ಈ ವರ್ಷದ ಮೊದಲ ಸಭೆ ಮಾರ್ಚ್ ಇಪ್ಪತ್ತರಂದು ಸೇರಬೇಕಿತ್ತು. ಸೇರಲಿಲ್ಲ. ನಡಾವಳಿ ಪುಸ್ತಕದ ಆ ಪುಟದ ಚಿತ್ರವನ್ನು ಆ ಹುಡುಗಿ ನನಗೆ ಕಳಿಸಿದ್ದಾಳೆ. ಹಾಜರಿದ್ದವರು ಯಾರೂ ಇಲ್ಲ, ಮಂಡಳಿ ದುಃಖದಲ್ಲಿದೆ ಎಂದು ಬರೆದಿದೆ.

ಏಪ್ರಿಲ್ ಕೊನೆಯ ವಾರ ಸಂಸ್ಥೆ ತನ್ನ ಎಲ್ಲ ಶಾಲೆಗಳಿಗೂ ಸಭೆಯ ಹೊಸ ನಮೂನೆ ಕಳಿಸಿತು. ಅದರಲ್ಲಿ ಮೂರು ಚೌಕಗಳಿವೆ. ಮೂರನೆಯದು, ಸಾವಿನ ಕಾರಣ ಸಭೆ ಮುಂದೂಡಲಾಗಿದೆ ಎಂಬುದು. ಹಾಗೆ ಮುಂದೂಡಿದ ಸಭೆಯನ್ನು ಕೋರಂ ಇಲ್ಲದ ಸಭೆ ಎಂದು ಎಣಿಸುವುದಿಲ್ಲ. ಜೊತೆಗಿದ್ದ ಸುತ್ತೋಲೆಯ ಪ್ರಕಾರ ನಿಯಮ ಇದೇ ಜುಲೈ ಒಂದರಿಂದ ಜಾರಿಗೆ ಬರುತ್ತದೆ, ಹಿಂದಿನ ಸಭೆಗಳಿಗೆ ಅನ್ವಯಿಸುವುದಿಲ್ಲ. ಆ ಶಾಲೆಯ ಆಡಳಿತಾಧಿಕಾರಿಯ ಅವಧಿಯನ್ನು ಮೇ ಎಂಟರಂದು ಮತ್ತೆರಡು ವರ್ಷಕ್ಕೆ ವಿಸ್ತರಿಸಲಾಗಿದೆ.